ಸಂಪಾದಕರ ಉತ್ತರ: ಲಾರೆಡೊ ಸೇತುವೆ ಮೇಲಿನ ಟ್ರಕ್ಕುಗಳು

ಕಳೆದ ಸಂಚಿಕೆಯ ಲೇಖನ ಓದಿ ಡಲ್ಲಾಸ್‌ನಲ್ಲಿರುವ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ. ಮೆಕ್ಸಿಕೊದ ಟ್ರಕ್ಕುಗಳನ್ನು ಅಮೆರಿಕ ಒಳಗೆ ಬಿಡದೆ ಇದ್ದದ್ದು ಬರೀ ಸ್ವಾರ್ಥ ಅನ್ನುವ ಹಾಗೆ ನಾವು ಬರೆದೆವು ಎಂಬುದು ಅವರ ದೂರು. "ನಾನು ಮಕ್ಕಳನ್ನು ಕೂರಿಸಿಕೊಂಡು ದಿನಾ ಹೈವೇನಲ್ಲಿ ಓಡಾಡುವವನು. ಬ್ರೇಕ್ ಸರಿಯಿಲ್ಲದ ಟ್ರಕ್ ಹಿಂದೆ ಬಂದರೆ ಗತಿ ಏನು? ಈಗಿನ ಪರಿಸ್ಥಿತಿ ಏನು ಅಂತಲೂ ನೀವು ಹೇಳಲಿಲ್ಲ" ಎಂದಿದ್ದಾರೆ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಗಡಿಯಲ್ಲಿ ತಪಾಸಣೆ ಮಾಡಿದ ಮೆಕ್ಸಿಕೊ ಟ್ರಕ್ಕುಗಳಲ್ಲಿ ನೂರಕ್ಕೆ 40ರ ಆಸುಪಾಸು ರಸ್ತೆಗಿಳಿಯಲು ಲಾಯಕ್ಕಿಲ್ಲ ಎಂದು ಅಲ್ಲೇ ನಿಲ್ಲಿಸಲಾಗಿತ್ತು. ಅಮೆರಿಕದ ಟ್ರಕ್ಕುಗಳಲ್ಲಿ ಅದು 25ರ ಹತ್ತಿರ ಇತ್ತು. ಆದರೆ ಅವು ಯಾವ ಟ್ರಕ್ಕುಗಳು ಅಂತ ಕೇಳಬೇಕಲ್ವಾ?

ಗಡಿ ದಾಟುವ ಸರಕು ಹೇಗೆ ಸಾಗುತ್ತದೆ ನೋಡಿ. ಮೆಕ್ಸಿಕೊದ ಮಾಂಟೆರ್ರೆ ನಗರದಿಂದ ಹೊರಟ ಟ್ರೇಲರನ್ನು ದೂರದ ಓಟದ ಟ್ರಕ್ಕೊಂದು ಗಡಿಯ ಮೆಕ್ಸಿಕೊ ಬದಿಯ ಊರು ನುಯೆವೊ ಲಾರೆಡೊವರೆಗೆ ತರುತ್ತದೆ. ಅಲ್ಲಿ ಅದನ್ನು ಕಳಚಿ ಇನ್ನೊಂದು ಟ್ರಕ್ಕಿಗೆ ಕಟ್ಟುತ್ತಾರೆ. ಇದಕ್ಕೆ ಅಲ್ಲಿಯವರು 'ಟ್ರಾನ್ಸ್‌ಫರ್' ಅನ್ನುತ್ತಾರೆ. ಇದರ ಕೆಲಸ ಸೇತುವೆ ದಾಟಿ, ಟೆಕ್ಸಾಸ್‌ನ ಲಾರೆಡೊದ ಯಾರ್ಡಿನಲ್ಲಿ ಟ್ರೇಲರ್ ಬಿಟ್ಟು ಬರುವುದಷ್ಟೇ. ಅಲ್ಲಿಂದ ಮುಂದಕ್ಕೆ ಅಮೆರಿಕದ ಟ್ರಕ್. ಒಂದು ಲೋಡಿಗೆ ಮೂರು ಗಾಡಿ, ಮೂವರು ಡ್ರೈವರ್. ಟ್ರಾನ್ಸ್‌ಫರ್ ಗಾಡಿ ಓಡುವುದು ಕೆಲವೇ ಮೈಲಿ, ಕ್ಯೂನಲ್ಲಿ ನಿಲ್ಲುವುದು ಗಂಟೆಗಟ್ಟಲೆ. ವಾಪಸ್ ಬರುವಾಗ ಎಷ್ಟೋ ಸಲ ಖಾಲಿ. ಅಂಥ ಓಟಕ್ಕೆ ಯಾವ ಮಾಲೀಕ ಹೊಸ ಗಾಡಿ ಹಾಕುತ್ತಾನೆ? ಸವೆದ ಗಾಡಿಗಳೇ ಅಲ್ಲಿಗೆ ಬಂದು ಸೇರುತ್ತವೆ. ಆ ತಪಾಸಣೆಗಳಲ್ಲಿ ಸಿಕ್ಕಿದ್ದು ಹೆಚ್ಚಾಗಿ ಇವೇ. ಗಡಿ ಪಟ್ಟಿಯೊಳಗೆ, ಅಂದರೆ ಗಡಿಗೆ ಅಂಟಿದ ಅಮೆರಿಕದ ಊರುಗಳ ಸುತ್ತಮುತ್ತ, ಓಡಾಡಲು ಇವಕ್ಕೆ ಯಾವತ್ತೂ ಅನುಮತಿ ಇತ್ತು. ತಡೆ ಇದ್ದದ್ದು ದೂರದ ಓಟಕ್ಕೆ ಇಟ್ಟಿದ್ದ ಒಳ್ಳೆಯ ಟ್ರಕ್ಕುಗಳಿಗೆ. ಅಂದರೆ ಹಳೇ ಗಾಡಿಗಳ ಕಾಟ ಲಾರೆಡೊ, ಎಲ್ ಪಾಸೊ ಜನರ ಪಾಲಿಗೆ ಉಳಿಯಿತು. ಡಲ್ಲಾಸ್ ನಿಶ್ಚಿಂತೆಯಿಂದಿತ್ತು.

ಇನ್ನೊಂದು ಮಾತು. ತಡೆ ಶುರುವಾದದ್ದು 1982ರಲ್ಲಿ. ಆಗ ಕಾರಣ ಬ್ರೇಕೂ ಅಲ್ಲ, ಟೈರೂ ಅಲ್ಲ. ನಮ್ಮ ಕಂಪನಿಗಳನ್ನು ನೀವು ಬಿಡಲ್ಲ, ನಿಮ್ಮವರನ್ನು ನಾವೂ ಬಿಡಲ್ಲ ಎಂಬ ಹಟ. ಕೆನಡಾ ಜೊತೆ ಬೇಗ ರಾಜಿಯಾಯಿತು, ಮೆಕ್ಸಿಕೊ ಜೊತೆ ಆಗಲಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಮಾಡಿಕೊಂಡ ನಾಫ್ಟಾ ವ್ಯಾಪಾರ ಒಪ್ಪಂದದಲ್ಲಿ 1995ರ ಡಿಸೆಂಬರ್‌ನಿಂದ ಗಡಿ ರಾಜ್ಯಗಳಿಗೆ, 2000ದಿಂದ ಇಡೀ ದೇಶಕ್ಕೆ ಬಿಡುತ್ತೇವೆ ಎಂದು ಅಮೆರಿಕ ಒಪ್ಪಿತ್ತು. ಗಡುವು ಬಂದಾಗ ಕ್ಲಿಂಟನ್ ಸರ್ಕಾರ ಸುರಕ್ಷತೆಯ ಹೆಸರು ಹೇಳಿ ಮುಂದೂಡಿತು. ಟ್ರಕ್ ಡ್ರೈವರುಗಳ ಸಂಘಟನೆಯಾದ ಟೀಮ್‌ಸ್ಟರ್ಸ್ ಯೂನಿಯನ್ ವಿರೋಧಿಸುತ್ತಿತ್ತು, ಮುಂದಿನ ವರ್ಷ ಚುನಾವಣೆಯೂ ಇತ್ತು. 2001ರಲ್ಲಿ ನಾಫ್ಟಾ ಪಂಚಾಯ್ತಿ ಮಂಡಳಿ ಇದು ಒಪ್ಪಂದದ ಉಲ್ಲಂಘನೆ ಎಂದು ಒಮ್ಮತದಿಂದ ಹೇಳಿತು.

2007ರಲ್ಲಿ ಬುಷ್ ಸರ್ಕಾರ ಪ್ರಾಯೋಗಿಕವಾಗಿ ಕೆಲವು ಕಂಪನಿಗಳನ್ನು ಬಿಟ್ಟಿತು. 2009ರಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಅದಕ್ಕೆ ದುಡ್ಡು ನಿಲ್ಲಿಸಿತು. ಮೆಕ್ಸಿಕೊ ಸುಮ್ಮನಿರಲಿಲ್ಲ. ಅಮೆರಿಕದ ಸುಮಾರು 90 ಸರಕುಗಳ ಮೇಲೆ, ಒಟ್ಟು 240 ಕೋಟಿ ಡಾಲರ್ ವ್ಯಾಪಾರಕ್ಕೆ, ಸುಂಕ ಜಡಿಯಿತು. ಏಟು ಬಿದ್ದದ್ದು ಅಲ್ಲಿ ಆಲೂಗಡ್ಡೆ, ಪೇರ್ ಹಣ್ಣು, ದ್ರಾಕ್ಷಿ ಬೆಳೆಯುವವರಿಗೆ. ಟ್ರಕ್ ಜಗಳಕ್ಕೂ ಅವರಿಗೂ ಏನು ಸಂಬಂಧ, ಹೇಳಿ? 2011ರಲ್ಲಿ ರಾಜಿಯಾಗಿ ಪ್ರಯೋಗ ಮತ್ತೆ ಶುರುವಾಯಿತು, ಸುಂಕ ಇಳಿಯಿತು.

ಈ ಸಲ ಕಾವಲು ಬಿಗಿಯಾಗಿತ್ತು. ಗಾಡಿಗಳಲ್ಲಿ ವಿದ್ಯುನ್ಮಾನ ನಿಗಾ ಯಂತ್ರ, ಡ್ರೈವರಿಗೆ ಇಂಗ್ಲಿಷ್ ಪರೀಕ್ಷೆ. ಯಂತ್ರದ ಖರ್ಚು ಅಮೆರಿಕ ಸರ್ಕಾರದ್ದು; ಅಲ್ಲಿನ ಡ್ರೈವರುಗಳು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 2014ರಲ್ಲಿ ಮುಗಿದಾಗ ಇದ್ದ ಕಂಪನಿಗಳು ಬರೀ 15. ಇಷ್ಟು ಕಡಿಮೆ ಕಂಪನಿಗಳಿಂದ ಎಲ್ಲರ ಸುರಕ್ಷತೆ ತೀರ್ಮಾನಿಸಲು ಆಗದು ಎಂದು ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಹೇಳಿತು. ಇದು ನಿಮ್ಮ ಕಡೆಯ ವಾದಕ್ಕೆ ಬಲ. 2015ರಲ್ಲಿ ಇಲಾಖೆ ಎಲ್ಲರಿಗೂ ಅರ್ಜಿ ತೆರೆದದ್ದು ಅವಸರ ಎಂದೇ ನನ್ನ ಅಭಿಪ್ರಾಯವೂ.

ಹಾಗಾದರೆ ಹಿಂಡುಹಿಂಡಾಗಿ ಬರುತ್ತವೆ ಎಂದು ಹೆದರಿಸಿದ್ದ ಟ್ರಕ್ಕುಗಳು ಯಾಕೆ ಬರಲಿಲ್ಲ? ನಮ್ಮ ಲಾರಿ ಮಾಲೀಕರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ: ರಿಟರ್ನ್ ಲೋಡ್. ಮೆಕ್ಸಿಕೊದ ಟ್ರಕ್ ಷಿಕಾಗೊಗೆ ಸರಕು ಇಳಿಸಬಹುದು, ಆದರೆ ಅಲ್ಲಿಂದ ಡಲ್ಲಾಸ್‌ಗೆ ಲೋಡ್ ಹಾಕುವಂತಿಲ್ಲ. ಅಮೆರಿಕದ ಒಳಗಿನ ಬಾಡಿಗೆ ಅಮೆರಿಕದವರಿಗೇ. ಮೆಕ್ಸಿಕೊಗೆ ಹೋಗುವ ಸರಕು ಸಿಗದಿದ್ದರೆ ಸಾವಿರಾರು ಮೈಲಿ ಖಾಲಿ ಓಡಬೇಕು. ಮೇಲೆ ಅಮೆರಿಕದ ವಿಮೆ. ಲೆಕ್ಕ ಹಾಕಿದವರು ಟ್ರಾನ್ಸ್‌ಫರ್ ಪದ್ಧತಿಯೇ ವಾಸಿ ಎಂದುಕೊಂಡರು.

ಟೆಕ್ಸಾಸ್‌ನ ಡ್ರೈವರಿಗೆ ಕಡಿಮೆ ಸಂಬಳದ ಪೈಪೋಟಿಯ ಭಯ ಇದ್ದರೆ ಅದು ತಪ್ಪೇನಲ್ಲ. ಹೊಟ್ಟೆಪಾಡಿನ ಪ್ರಶ್ನೆ ಅದು. ಅದನ್ನು ಹಾಗೆಂದೇ ಹೇಳಿದ್ದರೆ ನಮ್ಮ ಲೇಖಕರಿಗೂ ತಕರಾರು ಇರುತ್ತಿರಲಿಲ್ಲ. ಬ್ರೇಕಿನ ಹಿಂದೆ ಅಡಗಿಸಿ ಹೇಳಿದ್ದೇ ಸಮಸ್ಯೆ.

ಈಗಿನ ಪರಿಸ್ಥಿತಿ ಕೇಳಿದಿರಿ. ನಾಫ್ಟಾ ಬದಲಿಗೆ 2020ರಲ್ಲಿ ಜಾರಿಗೆ ಬಂದ ಅದೇ ಮೂರು ದೇಶಗಳ ಹೊಸ ಒಪ್ಪಂದದಲ್ಲಿ, ತನ್ನ ಸಾಗಣೆದಾರರಿಗೆ ಗಣನೀಯ ಹಾನಿಯಾದರೆ ಮೆಕ್ಸಿಕೊದ ದೂರದ ಓಟಕ್ಕೆ ಮಿತಿ ಹಾಕುವ ಹಕ್ಕನ್ನು ಅಮೆರಿಕ ಉಳಿಸಿಕೊಂಡಿದೆ. ಕೊನೆಗೂ ವ್ಯಾಪಾರದ ಕಾರಣ ಕಾಗದದ ಮೇಲೆ ಬಂತು. 2025ರ ಜೂನ್‌ನಿಂದ ಇಂಗ್ಲಿಷ್ ಬಾರದ ಡ್ರೈವರನ್ನು ರಸ್ತೆಯಲ್ಲೇ ಇಳಿಸುತ್ತಿದ್ದಾರೆ. ಗಡಿ ಪಟ್ಟಿಯೊಳಗೆ ಮಾತ್ರ ನೋಟಿಸ್ ಕೊಟ್ಟು ಬಿಡುತ್ತಾರೆ. ಟ್ರಾನ್ಸ್‌ಫರ್ ಗಾಡಿ ನಿಂತರೆ ಎರಡೂ ಕಡೆಯ ಕಾರ್ಖಾನೆಗಳು ನಿಲ್ಲುತ್ತವೆ, ಅದು ಅವರಿಗೂ ಗೊತ್ತು.

— ಸಂಪಾದಕ