ಪ್ರತಿಕ್ರಿಯೆ: 412ನೇ ಸಾಲಿನಲ್ಲಿ ನಿಲ್ಲುವ ಎಕ್ಸ್‌ಎಂಎಲ್ ಫೈಲ್

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕದ ಎಕ್ಸ್‌ಎಂಎಲ್ (ಮಾಹಿತಿಯನ್ನು ಗುರುತುಗಳ ನಡುವೆ ಬರೆದಿಡುವ ವಿಧಾನ) ಫೈಲ್ 412ನೇ ಸಾಲಿಗೆ ಬಂದು ನಿಲ್ಲುತ್ತದೆ, ಅಲ್ಲಿ ತಪ್ಪೇನೂ ಕಾಣುವುದಿಲ್ಲ ಎಂದಿದ್ದೀರಿ. ನೀವೇ ಹಾಕಿರುವ ಸಾಲನ್ನು ಇನ್ನೊಮ್ಮೆ ನೋಡಿರಿ. ಗಿರಾಕಿಯ ಹೆಸರು ‘ಪಾಟೀಲ & ಸನ್ಸ್’. ಕಳ್ಳ ಸಿಕ್ಕನಲ್ಲ! ಎಕ್ಸ್‌ಎಂಎಲ್‌ನಲ್ಲಿ & ಚಿಹ್ನೆಗೆ ಬೇರೆಯೇ ಕೆಲಸವಿದೆ. ಅದು ಕಂಡ ಕೂಡಲೇ ತಂತ್ರಾಂಶ ಅದರ ಬೆನ್ನಿಗೊಂದು ಸಂಕೇತವನ್ನು ಹುಡುಕುತ್ತದೆ. ಖಾಲಿ ಜಾಗ ಸಿಕ್ಕರೆ ಅಲ್ಲೇ ಕೈಚೆಲ್ಲುತ್ತದೆ. ಅದರ ಬದಲು &#38; ಎಂದು ಬರೆಯಿರಿ, ಕೊನೆಯ ಅರ್ಧವಿರಾಮ ಮರೆಯಬೇಡಿ.

ಆದರೆ ಫೈಲಿನಲ್ಲಿರುವ ಎಲ್ಲ & ಚಿಹ್ನೆಗಳನ್ನೂ ಒಂದೇ ಏಟಿಗೆ ಬದಲಿಸಲು ಹೋಗಬೇಡಿ, ಮೊದಲೇ ಸರಿಯಾಗಿದ್ದವೂ ಕೆಡುತ್ತವೆ. ಹುಬ್ಬಳ್ಳಿಯಲ್ಲಿ ಒಬ್ಬ ವ್ಯಾಪಾರಿಯ ಲೆಕ್ಕಕ್ಕೆ ಹೀಗೆ ಕೈಹಾಕಿ ಸಂಜೆಯ ಗಿರಮಿಟ್ಟು, ಚಹಾ ಎರಡನ್ನೂ ಕಳೆದುಕೊಂಡವನು ನಾನು. ಆಚೀಚೆ ಖಾಲಿ ಜಾಗವಿರುವ & ಮಾತ್ರ ಹುಡುಕಿರಿ. ಮೂಲ ಫೈಲಿನ ಪ್ರತಿ ಬೇರೆ ಕಡೆ ಇರಲಿ.

ತಿದ್ದಿದ ಫೈಲನ್ನು ಕ್ರೋಮ್ ಬ್ರೌಸರ್‌ಗೆ ಎಳೆದು ಹಾಕಿದರೆ, ಇನ್ನೂ ಇಂಥ ತಪ್ಪು ಉಳಿದಿದ್ದಲ್ಲಿ ಸಾಲು, ಕಾಲಂ ಸಮೇತ ತೋರಿಸುತ್ತದೆ. ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿವೆ ಎಂದೂ ಹೇಳಿದ್ದೀರಿ, ಅದು ಬೇರೆ ರೋಗ. ಹಾಗೆ ಉಳಿಸಿಬಿಟ್ಟ ಅಕ್ಷರಗಳು ಮರಳುವುದಿಲ್ಲ. ಹಳೆಯ ಪ್ರತಿಯಿಂದಲೇ ಶುರುಮಾಡಿ, ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ವಿಧಾನ) ಯುಟಿಎಫ್-8 ಇರಲಿ.