ಬಣ್ಣ ಬರದಿದ್ದರೆ ಮೊದಲು ಡಬ್ಬಿಯ ಸ್ವಿಚ್ ನೋಡಿ

ಕಂಪ್ಯೂಟರ್ ಚಿತ್ರ ವಿಸಿಆರ್‌ನಲ್ಲಿ (ವಿಡಿಯೊ ಕ್ಯಾಸೆಟ್ ರೆಕಾರ್ಡರ್) ರೆಕಾರ್ಡ್ ಆಗುತ್ತಿದೆ, ಆದರೆ ಬರೀ ಕಪ್ಪು-ಬಿಳುಪು ಅಂತ ಕೇಳಿದ್ದೀರಿ. ವಿಸಿಆರ್ ಕೆಟ್ಟಿರಲಿಕ್ಕಿಲ್ಲ ಸರ್. ಕಂಪ್ಯೂಟರ್ ಚಿತ್ರವನ್ನು ವಿಸಿಆರ್‌ಗೆ ಹೊಂದುವಂತೆ ಬದಲಿಸುವ ನಿಮ್ಮ ವಿಜಿಎ-ಟು-ಎವಿ ಡಬ್ಬಿ ಬಹುಶಃ ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿವಿ ಪದ್ಧತಿಯಲ್ಲಿದೆ. ಅದರ ಬಣ್ಣದ ಸಿಗ್ನಲ್ 3.58 ಮೆಗಾಹರ್ಟ್ಸ್‌ನಲ್ಲಿರುತ್ತದೆ. ನಮ್ಮ ಪಾಲ್ (ಭಾರತದ ಹಳೆಯ ಟಿವಿ ಪದ್ಧತಿ) ವಿಸಿಆರ್ ಬಣ್ಣ ಹುಡುಕುವುದು 4.43ರಲ್ಲಿ. ಅಲ್ಲಿ ಸಿಗದಿದ್ದರೆ ಬಣ್ಣ ಬಿಟ್ಟು ಬೆಳಕು-ನೆರಳು ಮಾತ್ರ ಹಿಡಿಯುತ್ತದೆ. ಡಬ್ಬಿಯ ಸ್ವಿಚ್ ಅಥವಾ ಮೆನುವಿನಲ್ಲಿ ಪಾಲ್ ಆರಿಸಿ. ನಾನು ಇದು ಗೊತ್ತಿಲ್ಲದೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಿಸಿಲಲ್ಲಿ ಅಲೆದು ಎರಡು ಕೇಬಲ್ ತಂದಿದ್ದೆ. ಸುಮ್ನೆ ದುಡ್ಡು ದಂಡ.

ಇನ್ನೊಂದು ಮಾತು. ವಿಸಿಆರ್‌ನ ವಿಎಚ್‌ಎಸ್ ಕ್ಯಾಸೆಟ್ ಹಿಡಿಯುವುದು ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ. ಸಣ್ಣ ಅಕ್ಷರ ಕಲಸಿಹೋಗುತ್ತದೆ, ಕನ್ನಡದ ಒತ್ತಕ್ಷರವಂತೂ ಕೇಳಲೇಬೇಡಿ! ಫಾಂಟ್ ದೊಡ್ಡದು ಮಾಡಿ. ಕೆಂಪು ಅಕ್ಷರ ಬೇಡ, ಬಣ್ಣ ಪಕ್ಕಕ್ಕೆ ಸೋರುತ್ತದೆ.