ಪ್ರಚಾರ ಸಮಿತಿಯೋ, ಏಜೆನ್ಸಿಯೋ?

ಪ್ರಶ್ನೆ: ಮಂಗಳೂರಿನ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿಎ, ಪತ್ರಿಕೋದ್ಯಮ ಓದುತ್ತಿದ್ದೇನೆ. ಊರು ಬೆಳ್ತಂಗಡಿ ಹತ್ತಿರ, ಇಲ್ಲಿ ಹಾಸ್ಟೆಲ್ ವಾಸ. ಮುಂದೆ ಪಿಆರ್ (ಸಾರ್ವಜನಿಕ ಸಂಪರ್ಕ) ಅಥವಾ ಯಾವುದಾದರೂ ಕಂಪನಿಯ ಕಮ್ಯುನಿಕೇಷನ್ ವಿಭಾಗಕ್ಕೆ ಸೇರುವ ಆಸೆ. ಈಗ ಎರಡು ಅವಕಾಶ ಒಟ್ಟಿಗೇ ಬಂದಿವೆ. ಇಲ್ಲಿನ ಜಾಹೀರಾತು ಏಜೆನ್ಸಿಯಲ್ಲಿ 6 ತಿಂಗಳ ಇಂಟರ್ನ್‌ಶಿಪ್ ಇದೆ, ಸಂಬಳ ಇಲ್ಲ, ದಿನಾ ಮಧ್ಯಾಹ್ನದಿಂದ ರಾತ್ರಿ 8ರ ತನಕ ಕೆಲಸ. ಅದೇ ಹೊತ್ತಿಗೆ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ (ದೇವರಿಗೆ ಕಲಶಾಭಿಷೇಕ ಮಾಡುವ ದೊಡ್ಡ ಉತ್ಸವ), ಅದರ ಪ್ರಚಾರ ಸಮಿತಿಗೆ ಸೇರು ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ದೇವಸ್ಥಾನದ ಕೆಲಸ ಬಯೋಡೇಟಾದಲ್ಲಿ ಹಾಕೋಕೆ ಆಗುತ್ತಾ ಅಂತ ಗೆಳತಿಯರು ಕೇಳುತ್ತಾರೆ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ದೊಡ್ಡಪ್ಪನ ಮಾತು ಕೇಳಿ. ಬಯೋಡೇಟಾದಲ್ಲೂ ಧಾರಾಳವಾಗಿ ಹಾಕಿ.

ನಮ್ಮ ಕಡೆಯ ಬ್ರಹ್ಮಕಲಶೋತ್ಸವ ಎಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಲವು ದಿನ ನಡೆಯುತ್ತದೆ, ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ತಂತ್ರಿಗಳ ಹೆಸರು, ಮುಹೂರ್ತದ ಹೊತ್ತು, ದಾನಿಗಳ ಪಟ್ಟಿ ಒಂದೂ ತಪ್ಪಬಾರದು. ಹೊರೆಕಾಣಿಕೆ (ಊರವರು ಕೊಡುವ ಅಕ್ಕಿ, ತೆಂಗು, ತರಕಾರಿ) ಮೆರವಣಿಗೆ ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ, ವಾಹನ ಎಲ್ಲಿ ನಿಲ್ಲಿಸಬೇಕು, ನಡೆಯಲಾಗದ ಹಿರಿಯರು ಯಾವ ಕಡೆಯಿಂದ ಒಳಗೆ ಬರಬೇಕು, ಇದೆಲ್ಲ ಜನರಿಗೆ ಮೊದಲೇ ಗೊತ್ತಾಗಬೇಕು. ಸಂಜೆ ಮಳೆ ಬಂದು ಸಭಾ ಕಾರ್ಯಕ್ರಮ ಒಂದು ಗಂಟೆ ಮುಂದೆ ಹೋಯಿತು ಅಂದುಕೊಳ್ಳಿ, ಮನೆಯಿಂದ ಹೊರಡುವ ಮೊದಲೇ ಆ ಸುದ್ದಿ ಅವರಿಗೆ ಮುಟ್ಟಬೇಕು, ಅಲ್ವಾ? ಯಾರಿಗೆ ಯಾವ ವಿಷಯ, ಯಾವಾಗ, ಯಾವ ಮಾತಿನಲ್ಲಿ ತಲುಪಿಸಬೇಕು ಅಂತ ಯೋಚಿಸುವುದೇ ಕಮ್ಯುನಿಕೇಷನ್ ವಿಭಾಗದ ಕೆಲಸ. ಆಸ್ಪತ್ರೆಯಲ್ಲೂ ಇದೇ, ಬ್ಯಾಂಕಿನಲ್ಲೂ ಇದೇ.

ಆದರೆ ಸುಮ್ನೆ ಬ್ಯಾಡ್ಜ್ ಹಾಕಿಕೊಂಡು ಓಡಾಡುವುದಾದರೆ ಬೇಡ. ದಿನದ ಪತ್ರಿಕಾ ಪ್ರಕಟಣೆ ನಾನೇ ಬರೆಯುತ್ತೇನೆ ಅಂತ ಕೇಳಿ ತೆಗೆದುಕೊಳ್ಳಿ. 150 ಪದ ಸಾಕು. ಮುಖ್ಯವಾಗಿ ನಡೆದದ್ದು ಮೊದಲ ಸಾಲಿನಲ್ಲೇ ಬರಲಿ, ಸ್ವಾಗತಿಸಿದವರು, ವಂದಿಸಿದವರು ಕೊನೆಗೆ. ಫೋಟೊ ಜೊತೆ ಎಡದಿಂದ ಯಾರು ಯಾರು ಅಂತ ಬರೆಯಿರಿ. ಪಿಡಿಎಫ್ ಕಳಿಸಬೇಡಿ, ಬರೆದ ಹಾಳೆಯ ಫೋಟೊ ಅಂತೂ ಬೇಡವೇ ಬೇಡ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವವರು ಅದನ್ನು ಮತ್ತೆ ಟೈಪ್ ಮಾಡುತ್ತಾ ಕೂರಬೇಕಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಆ ಸಂಜೆಯೇ ಕಳಿಸಿ.

ಮರುದಿನ ಬೆಳಿಗ್ಗೆ ಪೇಪರ್ ತೆಗೆದು, ನೀವು ಕಳಿಸಿದ್ದನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಪಸಂಪಾದಕರು ಯಾವ ಸಾಲು ಕತ್ತರಿಸಿದರು, ಯಾವುದನ್ನು ಮೇಲಕ್ಕೆ ತಂದರು? ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಕತ್ತರಿಸಿದ ಸಾಲುಗಳಿಂದಲೇ. ಎರಡನ್ನೂ ಒಂದು ಫೈಲ್‌ನಲ್ಲಿ ಇಡಿ. ನಾಳೆ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಬೇಕಾದದ್ದು ಆ ಫೈಲ್.

ಹೆಸರುಗಳ ವಿಷಯ ಇನ್ನೊಮ್ಮೆ ಹೇಳುತ್ತೇನೆ. ನಾನು ಡಿಗ್ರಿಯಲ್ಲಿದ್ದಾಗ ನಮ್ಮೂರಿನ ಯುವಕ ಮಂಡಲದ ವಾರ್ಷಿಕೋತ್ಸವದ ವರದಿ ಬರೆದಿದ್ದೆ. ಸನ್ಮಾನ ಪಡೆದ ಹಿರಿಯ ಯಕ್ಷಗಾನ ಕಲಾವಿದರ ಹೆಸರು ತಪ್ಪಾಯಿತು, ಹಾಗೆಯೇ ಅಚ್ಚಾಯಿತು. ಆ ಪುಟವನ್ನು ಅವರ ಮನೆಯವರು ಕಟ್ಟು ಹಾಕಿಸಿ ಇಡಬೇಕೆಂದಿದ್ದರಂತೆ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಕುಡಿಯಲು ಬೆಲ್ಲ ನೀರು ಕೊಟ್ಟರು. ಇವತ್ತಿಗೂ ಹೆಸರನ್ನು ಫೋನಿನಲ್ಲಿ ಓದಿ ಹೇಳಿ, ಸರಿ ಅನ್ನಿಸಿಕೊಂಡ ಮೇಲೆಯೇ ಕಳಿಸುವುದು.

ಇನ್ನು ಏಜೆನ್ಸಿ. ಅದು ಕೆಟ್ಟದ್ದು ಅನ್ನುತ್ತಿಲ್ಲ. ಆದರೆ ದಿನಾ ಮಧ್ಯಾಹ್ನ ಹೋದರೆ 75 ಶೇಕಡಾ ಹಾಜರಿ ಎಲ್ಲಿಂದ ತರುತ್ತೀರಿ? ರಾತ್ರಿ 8ಕ್ಕೆ ಬಿಟ್ಟರೆ ಹಾಸ್ಟೆಲ್ ಗೇಟ್? ರಜೆಯಲ್ಲಿ 4 ವಾರ ಬರುತ್ತೇನೆ ಅಂತ ಕೇಳಿ ನೋಡಿ. ನಾನೂ ಒಂದು ಸಂಸ್ಥೆಗೆ ವರ್ಷವಿಡೀ ಪುಕ್ಕಟೆ ಬರೆದುಕೊಟ್ಟವಳೇ. ಎಲ್ಲೂ ಹೆಸರು ಹಾಕಲಿಲ್ಲ, ಕೊನೆಗೆ ಒಂದು ಪತ್ರ ಕೇಳಿದರೆ ಅದೂ ಸಿಗಲಿಲ್ಲ. ಹಾಗಾಗಿ ಯಾರ ಕೈಕೆಳಗೆ ಕೆಲಸ, ಏನು ಕಲಿಸುತ್ತಾರೆ, ಬಸ್ ಖರ್ಚಾದರೂ ಕೊಡುತ್ತಾರಾ, ಕೊನೆಗೆ ಪತ್ರ ಕೊಡುತ್ತಾರಾ ಅಂತ ಸೇರುವ ಮೊದಲೇ ಕೇಳಿ. ಕೇಳಿದ್ದಕ್ಕೇ ಮುಖ ಸಿಂಡರಿಸಿದರೆ ಅಲ್ಲಿಗೆ ಹೋಗಬೇಡಿ.

ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕನ್ನಡದಲ್ಲಿ ಬರೆದ ಆ 150 ಪದವನ್ನೇ ರಾತ್ರಿ ಇಂಗ್ಲಿಷ್‌ನಲ್ಲೂ ಬರೆದು ಅಧ್ಯಾಪಕರಿಗೆ ತೋರಿಸಿ. ಆದರೆ ನಿಮ್ಮ ಕೈಯಲ್ಲಿ ಈಗಾಗಲೇ ಇರುವುದನ್ನು ಸಣ್ಣದು ಅಂದುಕೊಳ್ಳಬೇಡಿ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಇಂಗ್ಲಿಷ್‌ನಲ್ಲಿ ಎಷ್ಟು ಪೋಸ್ಟರ್ ಅಂಟಿಸಿದರೂ, ಅದನ್ನು ಅಜ್ಜಿಗೆ ತುಳುವಿನಲ್ಲಿ ಅರ್ಥವಾಗುವ ಹಾಗೆ ಹೇಳುವವರು ಬೇಕಲ್ಲ. ತುಳು, ಕೊಂಕಣಿ, ಬ್ಯಾರಿ ಎಲ್ಲ ಕಿವಿಗೆ ಬೀಳುವ ಊರಲ್ಲಿದ್ದೀರಿ. ಮಂಗಳೂರಿನ ರೇಡಿಯೊ ಸಾರಂಗ್ 107.8 ಈ ಭಾಷೆಗಳಲ್ಲೇ ಕಾರ್ಯಕ್ರಮ ಕೊಡುತ್ತದೆ. ಸಮುದಾಯ ರೇಡಿಯೊ ಎಂದರೆ ಊರಿನವರೇ ಸೇರಿ ಮಾಡುವಂಥದ್ದು, ಹೋಗಿ ವಿಚಾರಿಸಿ.

ಇನ್ನೊಂದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಇದೇ ಊರಿಂದ, 1843ರ ಜುಲೈ 1ರಂದು. ಅದಕ್ಕೇ ಆ ದಿನ ಪತ್ರಿಕಾ ದಿನಾಚರಣೆ. ಜುಲೈಯಲ್ಲಿ ಇಂಥ ಕಾರ್ಯಕ್ರಮಗಳಿಗೆ ಪತ್ರಕರ್ತರು ಬರುತ್ತಾರೆ. ಸೆಲ್ಫಿ ಬೇಡ. ಆ ಫೈಲ್ ಹಿಡಿದು ಒಬ್ಬರ ಹತ್ತಿರವಾದರೂ ಹೋಗಿ, ಇದರಲ್ಲಿ ಏನು ತಪ್ಪಿದೆ ಅಂತ ಕೇಳಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ 3ನೇ ವರ್ಷ. ಬರೆಯುವ ಕೆಲಸ ಇಷ್ಟ. ಪತ್ರಿಕೋದ್ಯಮದ ಡಿಗ್ರಿ ಇಲ್ಲದೆ ಈ ಕಡೆ ಬರಬಹುದಾ?
– ಒಬ್ಬ ಓದುಗ, ಮಣಿಪಾಲ

ಉತ್ತರ: ಖಂಡಿತ ಬರಬಹುದು. ತಾಂತ್ರಿಕ ವಿಷಯ ಅರ್ಥವಾಗುವವರು, ಅದನ್ನು ಬಿಡಿಸಿ ಹೇಳಬಲ್ಲವರು ಕಂಪನಿಗಳಿಗೆ ಬೇಕು. ನಿಮ್ಮ ಪ್ರಾಜೆಕ್ಟ್ ಏನು ಅಂತ ಒಂದು ಪುಟ ಕನ್ನಡದಲ್ಲಿ ಬರೆದು ಅಮ್ಮನಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು ‘ಹಾಗಂದ್ರೆ?’ ಅಂತಾರೋ ಅಲ್ಲಿ ಗೆರೆ ಹಾಕಿ, ಆ ಜಾಗ ಮತ್ತೆ ಬರೆಯಿರಿ. ಆಮೇಲೆ ನನಗೂ ಕಳಿಸಿ, ಓದುತ್ತೇನೆ.